ಬಚ್ಚಲ ಬಾಗಿಲು ಮತ್ತು ಬೊಟ್ಟಿಟ್ಟ ಉಜ್ಜುಗೊರಡು

ಪುನರ್ವಸು ಮಳೆ ಹಿಡಿದು ವಾರವಾಗಿತ್ತು. ಮಲೆನಾಡಿನ ಸಾಗರ ಪೇಟೆಯ ಈಚೆಗಿನ ನಮ್ಮೂರಲ್ಲಿ ಆ ಹೊತ್ತಿಗೆ ಬಟ್ಟೆ ಒಣಗುವುದಿಲ್ಲ, ಉಪ್ಪು ಉದುರುವುದಿಲ್ಲ, ಬಾಗಿಲು ಹಾಕಲು ಬರುವುದಿಲ್ಲ. ಮೊದಲೆರಡಕ್ಕೆ ಎಲ್ಲರೂ ಒಗ್ಗಿಹೋಗಿದ್ದೇವೆ. ಮೂರನೆಯದಕ್ಕೆ ಅಮ್ಮ ತನ್ನದೇ ಉಪಾಯ ಕಂಡುಕೊಂಡಿದ್ದಳು. ಬಚ್ಚಲಮನೆಯಿಂದ ಹೊರಬಂದವಳೇ, ಕೈಯಲ್ಲಿ ಬಿಸಿನೀರಿನ ಕೊಡ ಇದ್ದ ಹಾಗೇ, ಹಿಂದೆ ತಿರುಗದೆ ಹಿಮ್ಮಡಿಯಿಂದ ಬಾಗಿಲಿಗೊಂದು ಒದೆ. ಹಲಸಿನ ಹಲಗೆ ಒಮ್ಮೆ ನರಳಿ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಳಗಿದ್ದವರು ಹೊರಬರಬೇಕೆಂದರೆ ಹೆಗಲು ಕೊಡಬೇಕು.

ಅವತ್ತು ಶನಿವಾರ ಸಂಜೆ ಒಂದು ಒದೆ ಸಾಲಲಿಲ್ಲ. ಎರಡನೆಯದಕ್ಕೆ ಕೊಡದ ನೀರು ಅರ್ಧ ಚೆಲ್ಲಿತು. "ಕೊಟ್ಟಿಗೆ ತುಂಬ ಸಾಮಾನು ಇಟ್ಕಂಡಿದೀಯಲ್ಲ, ಒಂದು ಬಾಗಿಲಿಗಾದ್ರೂ ಉಪಯೋಗಕ್ಕೆ ಬರ್ತದಾ ನೋಡು" ಅಂದಳು.

ಕೊಟ್ಟಿಗೆ ಅಂದರೆ ನನ್ನ ವರ್ಕ್‌ಶಾಪು. ದನ ಮಾರಿದ ಮೇಲೆ ಖಾಲಿ ಬಿದ್ದಿದ್ದ ಜಾಗ. ಗೋದಲಿಯ ಮೇಲೆ ಮತ್ತಿ ಮರದ ಹಲಗೆ ಹಾಸಿ ಮೇಜು ಮಾಡಿಕೊಂಡಿದ್ದೇನೆ, ಒಂದು ಕೊನೆಗೆ ಹಿಡಿಕೆ ಯಂತ್ರ ಕೂರಿಸಿದ್ದೇನೆ. ಗೋಡೆಯ ಮೇಲೆ ಗರಗಸ, ಮೂಲೆಮಟ್ಟ, ಉಳಿಗಳ ಸಾಲು. ನೋಡಿದವರು ದೊಡ್ಡ ಕೆಲಸಗಾರ ಅಂದುಕೊಳ್ಳುವಷ್ಟಿದೆ. ಸತ್ಯ ಏನೆಂದರೆ, ಹಿಂದಿನ ಬೇಸಿಗೆಯಲ್ಲಿ ಒಂದು ಪುಸ್ತಕದ ಶೆಲ್ಫ್ ಅರ್ಧ ಮಾಡಿಟ್ಟವನು ಆಮೇಲೆ ಅಲ್ಲಿಗೆ ಹೋದದ್ದು ಎರಡೇ ಸಲ. ಒಂದು ಆಯುಧಪೂಜೆಗೆ, ಇನ್ನೊಂದು ಇಲಿ ಹಿಡಿಯುವ ಬೋನು ಹುಡುಕಿಕೊಂಡು.

ಭಾನುವಾರ ಬೆಳಿಗ್ಗೆ ಕಾಫಿ ಮುಗಿಸಿ, ಮರ ಹೆರೆದು ನಯ ಮಾಡುವ ಉಜ್ಜುಗೊರಡಿಗೆ ಕೈ ಹಾಕಿದೆ. ಬಾಗಿಲಿನ ಅಂಚು ನಾಲ್ಕು ಸಲ ಉಜ್ಜಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ, ಆಮೇಲೆ ತಿಂಡಿ ಅಂತ ಲೆಕ್ಕ. ಉಜ್ಜುಗೊರಡು ಅಪ್ಪನದು. ಆಚಾರಿಗಳ ಹಳೇ ಕಾಲದ ಮರದ ದಿಮ್ಮಿಯದಲ್ಲ, ಎರಕದ ಕಬ್ಬಿಣದ್ದು, ನಂಬರ್ 4 ಎಂಬ ಅಳತೆಯದು. ಲಿಯೊನಾರ್ಡ್ ಬೇಯ್ಲಿ ಎಂಬ ಅಮೆರಿಕದವನು ರೂಪಿಸಿದ, 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಹಕ್ಕು ಕೊಂಡುಕೊಂಡ ಮಾದರಿಯ ಭಾರತೀಯ ತಮ್ಮ. ಹಿಂದುಗಡೆ ಹಿತ್ತಾಳೆಯ ಚಕ್ರ ತಿರುಗಿಸಿದರೆ ಅಲಗು ಕೂದಲೆಳೆಯಷ್ಟು ಮುಂದೆ ಬರಬೇಕು, ಹಿಂದೆ ಹೋಗಬೇಕು. ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತಂದದ್ದು. ಅವನ ಕೈಯಲ್ಲಿ ಅದು ಹಾಡುತ್ತಿತ್ತು.

ಅದಕ್ಕೆ ಸುತ್ತಿಟ್ಟಿದ್ದ ಗೋಣಿಚೀಲ ಬಿಚ್ಚಿದೆ. ಒಳಗಿದ್ದದ್ದು ಇಟ್ಟಿಗೆ ಬಣ್ಣದ ಒಂದು ವಸ್ತು.

ಚಕ್ರ ತಿರುಗಲಿಲ್ಲ. ಅಲಗು ಕದಲಲಿಲ್ಲ. ಬಾಯಿಯಲ್ಲಿ ಹೋದ ವರ್ಷದ ಮರದ ಸುರುಳಿ ಒದ್ದೆಯಾಗಿ, ಕಪ್ಪಾಗಿ ಅಂಟಿಕೊಂಡಿತ್ತು. ಜೋಪಾನ ಮಾಡಬೇಕು ಅಂತಲೇ ಗೋಣಿಯಲ್ಲಿ ಸುತ್ತಿದ್ದೆ. ಸೆಣಬು ಗಾಳಿಯ ತೇವವನ್ನೆಲ್ಲ ಕುಡಿದು ಕಬ್ಬಿಣದ ಮೈಗೆ ಒತ್ತಿ ಹಿಡಿದಿತ್ತು. ಸುಮ್ಮನೆ ಗೋಡೆಗೆ ತೂಗುಹಾಕಿದ್ದರೆ ಇದರ ಅರ್ಧ ತುಕ್ಕೂ ಬರುತ್ತಿರಲಿಲ್ಲ.

ಇನ್ನೊಂದು ಕಂಡದ್ದು ತೊಳೆದ ಮೇಲೆ. ಪಕ್ಕದ ಮೈಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲ ಉಳಿದ ಕಡೆಗಿಂತ ಆಳವಾಗಿ ಗುಳಿ ಬಿದ್ದಿತ್ತು. ಇಷ್ಟು ದುಂಡಗೆ ತುಕ್ಕು ಯಾಕೆ ಹಿಡಿಯುತ್ತದೆ ಅಂತ ಉಗುರಲ್ಲಿ ಕೆರೆದು ನೋಡಿದೆ. ನಡುವೆ ಇನ್ನೂ ಸ್ವಲ್ಪ ಕೆಂಪು ಉಳಿದಿತ್ತು. ಕುಂಕುಮ! ಆಯುಧಪೂಜೆಯ ದಿನ ನಾನೇ, ಅರಿಸಿನ ಕುಂಕುಮವನ್ನು ನೀರಲ್ಲಿ ಕಲಸಿ, ಭಕ್ತಿಯಿಂದ ಇಟ್ಟ ಬೊಟ್ಟು. ಗರಗಸದ ಮೇಲೆ, ಉಳಿಗಳ ಮೇಲೆ ನೋಡಿದರೆ ಎಲ್ಲ ಕಡೆಯೂ ಬೊಟ್ಟಿನ ಜಾಗದಲ್ಲೇ ಒಂದೊಂದು ದುಂಡು ತುಕ್ಕು. ವರ್ಷಕ್ಕೊಮ್ಮೆ ಪೂಜೆ ಮಾಡಿ, ಒದ್ದೆ ಒರೆಸದೆ, ಬಾಗಿಲು ಹಾಕಿಕೊಂಡು ಬಂದಿದ್ದೆ.

ಅಮ್ಮ ಬಂದು ಒಮ್ಮೆ ನೋಡಿದಳು. ಏನೂ ಅನ್ನಲಿಲ್ಲ. ಒಳಗೆ ಹೋಗಿ ತನ್ನ ಮೆಟ್ಟುಗತ್ತಿ ತಂದು ಗೋದಲಿಯ ಮೇಲಿಟ್ಟು ಹೋದಳು. ನಮ್ಮಲ್ಲಿ ಅಡಿಕೆ ಸುಲಿಯುವ ಕತ್ತಿ ಅದು. ನವೆಂಬರಿನಿಂದ ಸುಗ್ಗಿ ಮುಗಿಯುವ ತನಕ ದಿನಾ ರಾತ್ರಿ ಕೆಲಸ ಮಾಡುತ್ತದೆ, ಹಸಿ ಅಡಿಕೆಯ ಚೊಗರು ತಾಗಿ ಅಲಗು ಮಸಿಯಂತೆ ಕಪ್ಪಾಗಿರುತ್ತದೆ. ಆದರೆ ಒಂದು ಚುಕ್ಕೆ ತುಕ್ಕಿಲ್ಲ. ಕಟ್ಟಕಡೆಯ ಅಡಿಕೆಗೊನೆ ಸುಲಿದ ರಾತ್ರಿಯೇ ಅವಳು ಅದನ್ನು ತೊಳೆದು, ಒಲೆಯ ಬಿಸಿಗೆ ಹಿಡಿದು, ಕೊಬ್ಬರಿ ಎಣ್ಣೆ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಸಿಕ್ಕಿಸುತ್ತಾಳೆ. ಅದಕ್ಕೆ ಪೂಜೆಯೂ ಆಗುತ್ತದೆ. ಬೊಟ್ಟು ಮಾತ್ರ ಮರದ ಮಣೆಗೆ. ಇದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ, ಗಮನಿಸಿದ್ದು ಅವತ್ತು.

ಸರಿ, ತುಕ್ಕು ಬಿಡಿಸಬೇಕು. ಹಿಂದೆಲ್ಲ ಉಪ್ಪುಕಾಗದ ಹಿಡಿದು ತಿಕ್ಕುತ್ತಿದ್ದೆ. ಅದರಲ್ಲಿ ತುಕ್ಕಿನ ಜೊತೆ ಒಳ್ಳೆ ಕಬ್ಬಿಣವೂ ಹೋಗುತ್ತದೆ, ಗುಳಿಯೊಳಗಿನದು ಅಲ್ಲೇ ಉಳಿಯುತ್ತದೆ. ಈ ಸಲ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ. ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ. ಸೀಮೆಎಣ್ಣೆ ಬಿಟ್ಟು, ಬಡಿದು, ಬೇಡಿಕೊಂಡು ತಿರುಪುಗಳನ್ನು ಬಿಚ್ಚಿ, ಹಿತ್ತಾಳೆಯ ಚಕ್ರ ಮತ್ತು ಮರದ ಹಿಡಿಗಳನ್ನು ಬೇರೆ ತೆಗೆದಿಟ್ಟು, ಕಬ್ಬಿಣದ ಭಾಗಗಳನ್ನೆಲ್ಲ ಪ್ಲಾಸ್ಟಿಕ್ ಬಕೆಟ್ಟಿಗೆ ಮುಳುಗಿಸಿದೆ. ಸ್ವಲ್ಪ ಹೊತ್ತಿಗೆ ಸಣ್ಣ ಗುಳ್ಳೆ ಏಳತೊಡಗಿತು. ಎರಡೂವರೆ ಗಂಟೆ ಬಿಟ್ಟು ತೆಗೆದಾಗ ಮೇಲೆ ಕಾಡಿಗೆಯಂಥ ಕಪ್ಪು ಪದರ. ತೆಂಗಿನ ನಾರಿನಲ್ಲಿ ಉಜ್ಜಿದರೆ ಅದರಡಿ ಬೂದು ಬಣ್ಣದ ಶುದ್ಧ ಕಬ್ಬಿಣ. ರಾತ್ರಿಯಿಡೀ ಬಿಟ್ಟರೆ ಆಮ್ಲ ಕಬ್ಬಿಣವನ್ನೂ ತಿನ್ನಲು ಶುರುಮಾಡುತ್ತದೆ, ಆದ್ದರಿಂದ ಮರೆಯುವ ಸ್ವಭಾವದವರು ಈ ದಾರಿ ಹಿಡಿಯಬಾರದು. ಅಡುಗೆ ಸೋಡಾ ಕದಡಿದ ನೀರಲ್ಲಿ ಅದ್ದಿ ಹುಳಿ ಕಳೆದು, ಬಚ್ಚಲ ಒಲೆಯ ಕಟ್ಟೆಯ ಮೇಲೆ ಸಾಲಾಗಿ ಒಣಗಲಿಟ್ಟೆ. ಒಣಗಿದ ಕೂಡಲೇ ಎಣ್ಣೆ. ಆ ಹವೆಯಲ್ಲಿ ಹತ್ತು ನಿಮಿಷ ತಡ ಮಾಡಿದರೂ ಬೆತ್ತಲೆ ಕಬ್ಬಿಣದ ಮೇಲೆ ಕಿತ್ತಳೆ ಬಣ್ಣದ ಮಬ್ಬು ಕೂರುತ್ತದೆ.

ಮಧ್ಯಾಹ್ನವಾಗಿತ್ತು. ಬಾಗಿಲು ಇದ್ದ ಹಾಗೇ ಇತ್ತು.

ಈಗ ಅಲಗು. ಗುಳಿ ತುದಿಯ ತನಕ ಬಂದಿದ್ದರಿಂದ ಎರಡು ಮಿಲಿಮೀಟರ್ ತೆಗೆಯಲೇಬೇಕಿತ್ತು. ಅವಸರದ ಬುದ್ಧಿಗೆ ಗ್ರೈಂಡರ್ ಕಂಡಿತು. ನಿಮಿಷಕ್ಕೆ 2800ಕ್ಕೂ ಹೆಚ್ಚು ಸುತ್ತು ತಿರುಗುವ ಆರಿಂಚಿನ ಕಲ್ಲು, ಕಿಡಿ ಹಾರುವುದು ನೋಡಲು ಚೆಂದ. ಚೆಂದ ನೋಡುತ್ತ ನೀರಲ್ಲಿ ಅದ್ದುವುದನ್ನು ಮರೆತೆ. ತುದಿ ಹುಲ್ಲಿನ ಬಣ್ಣಕ್ಕೆ ಬಂತು, ಕಂದಾಯಿತು, ಕಣ್ಣು ಮಿಟುಕಿಸುವಷ್ಟರಲ್ಲಿ ನವಿಲುಗರಿಯ ನೀಲಿ. ನೀಲಿ ಬಂತೆಂದರೆ ಉಕ್ಕು ಸುಮಾರು 300 ಡಿಗ್ರಿ ಮುಟ್ಟಿತು, ಅದರ ಹದ ಹೋಯಿತು. ಅಂಥ ತುದಿಯನ್ನು ಎಷ್ಟು ಮಸೆದರೂ ಮೂರು ಎಳೆತಕ್ಕೆ ಮೊಂಡಾಗುತ್ತದೆ. ಅಪ್ಪನ ಅಲಗಿಗೆ ನಾನು ಮಾಡಿದ ಅತಿ ದೊಡ್ಡ ಅನ್ಯಾಯ ತುಕ್ಕಲ್ಲ, ಇದು. ತುಕ್ಕಿಗೆ ಹತ್ತು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಕರೆಂಟ್ ಹೋಯಿತು. ಮಳೆಗಾಲದ ನಮ್ಮ ಕರೆಂಟನ್ನು ಮೊದಲ ಸಲ ಹೊಗಳಬೇಕಾಗಿ ಬಂತು.

ನೀಲಿಯಾದ ಭಾಗವನ್ನು ಕೈಯಲ್ಲೇ ಕಾರ್ಬೊರಂಡಂ ಕಲ್ಲಿನ ಮೇಲೆ ತೇಯುತ್ತ ಕೂತೆ. ಒರಟು ಮುಖದ ಮೇಲೆ, 25 ಡಿಗ್ರಿ ಓರೆಯಲ್ಲಿ, ನೀರು ಚಿಮುಕಿಸಿಕೊಂಡು. ಐವತ್ತು ಮಿಲಿಮೀಟರ್ ಅಗಲದ ಉಕ್ಕು ಅಷ್ಟು ಸುಲಭಕ್ಕೆ ಸೋಲುವುದಿಲ್ಲ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ ಕಲ್ಲಿನ ಮೇಲೆ ಸರ್ರ್ ಸರ್ರ್. ಒಂದು ಗಂಟೆಯ ಮೇಲೆ ಬೆರಳ ತುದಿಗಳು ಸುಕ್ಕುಗಟ್ಟಿದವು, ಬೇಸರ ಮಾತ್ರ ಎಲ್ಲೋ ಹೋಗಿಬಿಟ್ಟಿತ್ತು. ಚಿಕ್ಕವನಿದ್ದಾಗ ಸಾಗರದಲ್ಲಿ ಒಬ್ಬ ಗುಡಿಗಾರರು ಗಂಧದ ಪೆಟ್ಟಿಗೆ ಕೆತ್ತುವುದನ್ನು ನೋಡಲು ಅಪ್ಪ ಕರೆದುಕೊಂಡು ಹೋಗಿದ್ದ. ನಾವಿದ್ದ ಹೊತ್ತಿನಲ್ಲಿ ಅವರು ಕೆತ್ತಿದ್ದಕ್ಕಿಂತ ಹೆಚ್ಚು ಉಳಿ ಮಸೆದರು. ಕೆತ್ತನೆ ಯಾವಾಗ ಶುರು ಅಂತ ನಾನು ಅಪ್ಪನ ಕೈ ಜಗ್ಗುತ್ತಿದ್ದೆ.

ಬೆನ್ನಿನ ಕಡೆ ಚಪ್ಪಟೆ ಇರಬೇಕು, ಇಲ್ಲದಿದ್ದರೆ ಮುಂದೆ ಎಷ್ಟು ಮಸೆದರೂ ವ್ಯರ್ಥ. ಹಳೇ ಕಿಟಕಿಯ ಗಾಜಿನ ತುಂಡಿಗೆ ನೀರುಕಾಗದ, ಅಂದರೆ ಒದ್ದೆ ಮಾಡಿ ತಿಕ್ಕುವ ಉಪ್ಪುಕಾಗದ, ಅಂಟಿಸಿ ಬೆನ್ನು ತಿಕ್ಕಿದೆ, ನಂಬರ್ ಏರಿದಂತೆ ನಯ: 400, 800, 1000. ಕೊನೆಗೆ ಹಳೇ ಬೆಲ್ಟಿನ ಒಳಮೈಗೆ ಹಸಿರು ಪಾಲಿಶ್ ಬಳಿದು ಹತ್ತಿಪ್ಪತ್ತು ಸಲ ಎಳೆದೆ. ಮುಂಗೈ ಮೇಲೆ ಇಟ್ಟು ನೋಡಿದರೆ ಕೂದಲು ಸದ್ದಿಲ್ಲದೆ ಉದುರಿತು. ಖುಷಿಗೆ ಇನ್ನೆರಡು ಸಲ ನೋಡಿದ್ದರಿಂದ ಎಡಗೈ ಒಂದು ತಿಂಗಳು ಬೋಳಾಗಿತ್ತು.

ಉಜ್ಜುಗೊರಡು ಜೋಡಿಸಿ, ಮೇಲಿನ ತಗಡನ್ನು ಅಲಗಿನ ಅಂಚಿನಿಂದ ಒಂದು ಮಿಲಿಮೀಟರ್ ಹಿಂದಿಟ್ಟು, ಅಡಿಗೆ ಮೇಣ ಸವರಿ, ಒಂದು ಹಲಸಿನ ತುಂಡಿನ ಮೇಲೆ ಎಳೆದೆ. ಶ್ಶೂ ಅಂತ ಶುರುವಾದದ್ದು ಕೊನೆ ತನಕ ತಡೆಯಲಿಲ್ಲ. ಹಳದಿ ಸುರುಳಿಯೊಂದು ಬಾಯಿಂದೆದ್ದು ನನ್ನ ಕೈ ಮೇಲೆ ಮಗುಚಿ ಬಿತ್ತು, ಅದರ ಮೂಲಕ ಬೆಳಕು ಕಾಣುವಷ್ಟು ತೆಳ್ಳಗೆ. ನಾಲ್ಕು ಗಂಟೆಯ ಚಹಾ ಆರಿಹೋಗುವ ತನಕ ಆ ಪಾಪದ ತುಂಡನ್ನೇ ಉಜ್ಜುತ್ತಿದ್ದೆ.

ಅಂತೂ ಬಾಗಿಲ ಹತ್ತಿರ ಹೋದೆ. ಇಲ್ಲಿ ಒಂದು ಹಳೆಯ ತಪ್ಪಿನ ಕಥೆಯಿದೆ. ಮೂರು ವರ್ಷದ ಹಿಂದೆ ಇದೇ ತಿಂಗಳಲ್ಲಿ ಅಡುಗೆಮನೆಯ ಬಾಗಿಲು ಬಿಗಿಯಾಯಿತೆಂದು ಚೆನ್ನಾಗಿ ಉಜ್ಜಿದ್ದೆ. ಶಿವರಾತ್ರಿಯ ಹೊತ್ತಿಗೆ ಪೆನ್ಸಿಲ್ ತೂರಿಸುವಷ್ಟು ಸಂದು ಬಿಟ್ಟಿತು. ಮರ ಉದ್ದಕ್ಕೆ ಹೆಚ್ಚೂಕಡಿಮೆ ಇದ್ದ ಹಾಗೇ ಇರುತ್ತದೆ, ಅಗಲಕ್ಕೆ ಉಸಿರಾಡುತ್ತದೆ. ಎರಡೂವರೆ ಅಡಿ ಅಗಲದ ಹಲಗೆ ಬಾಗಿಲು ಮಳೆಗಾಲಕ್ಕೂ ಬೇಸಿಗೆಗೂ ನಡುವೆ ನಾಲ್ಕೈದು ಮಿಲಿಮೀಟರ್ ಹಿಗ್ಗಿ ಕುಗ್ಗುವುದು ಹೊಸದೇನಲ್ಲ. ಹಿಗ್ಗಿದಾಗ ಕತ್ತರಿಸಿದ್ದನ್ನು ಕುಗ್ಗಿದಾಗ ಅಂಟಿಸಲು ಬರುವುದಿಲ್ಲ.

ಅದಕ್ಕೇ ಈ ಸಲ ಮೊದಲು ಬಾಗಿಲಿನ ಅಂಚಿಗೆ ಸೀಮೆಸುಣ್ಣ ಬಳಿದು, ಹಾಕಿ ತೆಗೆದು ನೋಡಿದೆ. ಇಡೀ ಮೈ ಹಿಗ್ಗಿದ್ದರೆ ಸುಣ್ಣ ಉದ್ದಕ್ಕೂ ಅಳಿಸಬೇಕು. ಅಳಿಸಿದ್ದು ಚಿಲಕದ ಕಡೆಯ ಮೇಲಿನ ಮೂಲೆಯಲ್ಲಿ ಒಂದು ಗೇಣು ಮಾತ್ರ. ಹೊಸ್ತಿಲ ಮೇಲೆ ಕಾಲು ಚಂದ್ರನ ಆಕಾರದ ಗೀರು. ಚಿಲಕ ಹಿಡಿದು ಬಾಗಿಲನ್ನು ಮೇಲಕ್ಕೆತ್ತಿದೆ. ಲಟಕ್ ಅಂತ ಎದ್ದಿತು.

ಮೇಲಿನ ಬಿಜಾಗರಿ ಸಡಿಲ. ಮೂರು ತಿರುಪಿನಲ್ಲಿ ಒಂದು ಇಲ್ಲವೇ ಇಲ್ಲ, ಎರಡು ಬೆರಳಲ್ಲೇ ತಿರುಗುತ್ತಿದ್ದವು. ಹಂಡೆಯ ಹಬೆಗೆ ವರ್ಷಗಟ್ಟಲೆ ತುಕ್ಕು ಹಿಡಿದು ತಿರುಪಿನ ಹಲ್ಲುಗಳೆಲ್ಲ ಮಾಯವಾಗಿ, ಸುತ್ತಲಿನ ಮರವೂ ಪುಡಿಯಾಗಿತ್ತು. ಬಾಗಿಲು ತನ್ನ ಭಾರಕ್ಕೆ ತಾನೇ ಚಿಲಕದ ಕಡೆ ವಾಲಿ ಚೌಕಟ್ಟನ್ನು ಒತ್ತುತ್ತಿತ್ತು. ಉಜ್ಜುಗೊರಡಿಗೆ ಇಲ್ಲಿ ಕೆಲಸವೇ ಇರಲಿಲ್ಲ.

ನಗಬೇಕೋ ಅಳಬೇಕೋ ತಿಳಿಯದೆ ಸ್ವಲ್ಪ ಹೊತ್ತು ಹೊಸ್ತಿಲ ಮೇಲೆ ಕೂತಿದ್ದೆ. ಆಮೇಲೆ ಅಡಿಕೆ ದಬ್ಬೆಯಿಂದ ತೆಳು ಕಡ್ಡಿಗಳನ್ನು ಸೀಳಿ, ಫೆವಿಕಾಲ್ ಹಚ್ಚಿ, ತೂತುಗಳಿಗೆ ಬಡಿದು ತುಂಬಿದೆ. ಹೊಸ ಉಳಿಯಂತಾಗಿದ್ದ ಅಲಗಿನ ಮೇಲಿನ ಮೋಹಕ್ಕೆ ಆ ಕಡ್ಡಿಗಳನ್ನು ಉಜ್ಜುಗೊರಡಿನಲ್ಲೇ ನಯ ಮಾಡಿದೆ, ಅಗತ್ಯವೇನೂ ಇರಲಿಲ್ಲ. ಅಂಟು ಬಿಗಿಯಲು ಊಟದ ತನಕ ಬಿಟ್ಟು, ರಾತ್ರಿ ಟಾರ್ಚ್ ಬೆಳಕಲ್ಲಿ ಎರಡಿಂಚಿನ ಹಿತ್ತಾಳೆ ತಿರುಪು ಹಾಕಿದೆ. ಹಿತ್ತಾಳೆ ಮೆದು, ಸೀದಾ ತಿರುಗಿಸಿದರೆ ತಲೆ ಮುರಿದು ಕೈಗೆ ಬರುತ್ತದೆ. ಅದೇ ಅಳತೆಯ ಕಬ್ಬಿಣದ್ದನ್ನು ಮೊದಲು ಹಾಕಿ ದಾರಿ ಮಾಡಿಸಿ, ತೆಗೆದು, ಹಿತ್ತಾಳೆಯದಕ್ಕೆ ಸಾಬೂನು ಸವರಿ ಕೂರಿಸಬೇಕು. ಅಪ್ಪ ಹೇಳಿಕೊಟ್ಟಿದ್ದರಲ್ಲಿ ನಾನು ಮರೆಯದೆ ಉಳಿಸಿಕೊಂಡಿರುವುದು ಇದೊಂದೇ ಇರಬೇಕು. ಬಾಗಿಲು ಒಂದು ಬೆರಳಿಗೆ ಬಂತು, ಒಂದು ಬೆರಳಿಗೆ ಹೋಯಿತು.

ಉಪಕರಣಗಳನ್ನೆಲ್ಲ ಒರೆಸಿ, ಎಣ್ಣೆ ಸವರಿ, ಉಜ್ಜುಗೊರಡನ್ನು ಪಂಚೆಯ ತುಂಡಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿ ಮೆಟ್ಟುಗತ್ತಿಯ ಪಕ್ಕ ಇಟ್ಟು ಮಲಗಿದಾಗ ಹನ್ನೊಂದು ಗಂಟೆ. ಅಮ್ಮನಿಗೆ ಹೇಳಲಿಲ್ಲ, ಬೆಳಿಗ್ಗೆ ತಾನಾಗಿ ನೋಡಲಿ ಅಂತ.

ಐದೂವರೆಗೆ ಕೋವಿ ಹಾರಿಸಿದಂಥ ಸದ್ದಿಗೆ ಮನೆಯವರೆಲ್ಲ ಎದ್ದೆವು. ನಾಯಿ ಬೊಗಳುತ್ತಿತ್ತು. ಓಡಿಹೋಗಿ ನೋಡಿದರೆ ಬಚ್ಚಲ ಬಾಗಿಲು ಹಾಕಿತ್ತು, ಒಳಗೆ ಗೂಡಿನಿಂದ ಬಿದ್ದ ಸೋಪಿನ ಡಬ್ಬಿ ಇನ್ನೂ ಉರುಳುತ್ತಿರುವ ಸದ್ದು. ಅಮ್ಮ ಕೊಡ ಹಿಡಿದುಕೊಂಡು, ಒಂದು ಕಾಲು ಇನ್ನೂ ಅರ್ಧ ಎತ್ತಿಕೊಂಡೇ, ಬಾಗಿಲನ್ನು ತಿರುಗಿ ನೋಡುತ್ತಿದ್ದಳು.

"ಒದೆಯೋಕೆ ಮುಂಚೆ ಒಂದು ಮಾತು ಹೇಳಬಾರದಾ?" ಅಂದಳು.