ಕೊರಳಲ್ಲಿ ಲಾಡಿ, ಕೈಯಲ್ಲಿ ಪಾನಕ

ನನಗೆ ಏಳು ವರ್ಷ ಇದ್ದಾಗ ಜ್ವರ ಬಂದು ಇಳಿಯಲೇ ಇಲ್ಲ. ಹುಡುಗ ಎದ್ದು ಓಡಾಡಿದರೆ ಐದು ವರ್ಷ ಮೊಹರಂ ಹಬ್ಬದಲ್ಲಿ ಫಕೀರನನ್ನಾಗಿ ಮಾಡ್ತೀನಿ ಅಂತ ಅವ್ವ ಆ ಹಬ್ಬದ ಅಲಾಯಿ ದೇವರಿಗೆ ಹರಕೆ ಹೊತ್ತಳು. ನಮ್ಮದು ಕೊಪ್ಪಳ ಸೀಮೆಯ ಸಣ್ಣ ಊರು, ಲಿಂಗಾಯತರ ಮನೆ. ಆದರೂ ಇದು ಯಾರಿಗೂ ವಿಚಿತ್ರ ಅನಿಸಲಿಲ್ಲ. ನಮ್ಮ ಓಣಿಯಲ್ಲೇ ಹುಸೇನಪ್ಪ, ಫಕೀರಪ್ಪ ಅನ್ನೋ ಹೆಸರಿನವರು ಇದ್ದರು. ಒಬ್ಬರೂ ಮುಸ್ಲಿಮರಲ್ಲ, ಹರಕೆಯ ಮಕ್ಕಳು ಅಷ್ಟೇ.

ಮೊಹರಂ ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಅಲಾಯಿ ಕುಣಿಗೆ, ಅಂದರೆ ಬೆಂಕಿ ಹಾಕುವ ಗುಂಡಿಗೆ, ಗುದ್ದಲಿ ಹಾಕುತ್ತಾರೆ. ಪೆಟ್ಟಿಗೆಯಿಂದ ದೇವರನ್ನು ತೆಗೆದು ಕೂಡಿಸುತ್ತಾರೆ. ದೇವರು ಅಂದರೆ ಲೋಹದ ಪಂಜಾ, ಮೈತುಂಬ ಬಣ್ಣದ ಬಟ್ಟೆ. ನನ್ನ ಕೊರಳಿಗೆ ಕೆಂಪು ಲಾಡಿ ಬಿತ್ತು. ಅಲ್ಲಿ ಮೊದಲೇ ಶಿವದಾರ ಇತ್ತಲ್ಲ, ಬೆವರಿಗೆ ಲಾಡಿ ಬಣ್ಣ ಬಿಟ್ಟು ಅದೂ ಕೆಂಪಾಯಿತು. ಅವ್ವ ಸೋಪು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. "ಇರ್ಲಿ ಬಿಡು" ಅಂದಳು.

ಮುಂದೆ ಶಾಲೆಯಲ್ಲಿ ಒಂದು ಕಥೆ ಹೇಳಿದರು. ಗುರು ಗೋವಿಂದ ಭಟ್ಟರು ಶಿಶುನಾಳ ಷರೀಫರಿಗೆ ಜನಿವಾರ ಹಾಕಿದ ಕಥೆ. 1819ರಲ್ಲಿ ಹುಟ್ಟಿದ ಷರೀಫರು ಮೊಹರಂ ಪದಗಳನ್ನೂ ಕಟ್ಟಿದವರು. ಉಳಿದ ಹುಡುಗರು ಬೆರಗಾಗಿ ಕೇಳಿದರು. ನಾನು ಸುಮ್ನೆ ಕೊರಳು ಮುಟ್ಟಿಕೊಂಡೆ.

ಈಗ ಬೆಂಗಳೂರಲ್ಲಿ ಕೆಲಸ. ಹರಕೆ ತೀರಿ ಎಷ್ಟೋ ವರ್ಷ ಆಯಿತು. ಆದರೂ ಕತ್ತಲ ರಾತ್ರಿಗೆ, ಮೊಹರಂ ಹತ್ತನೇ ದಿನದ ಹಿಂದಿನ ರಾತ್ರಿಗೆ, ಊರಿಗೆ ಹೋಗುತ್ತೇನೆ. ಹಬ್ಬ ಪ್ರತಿವರ್ಷ ಹನ್ನೊಂದು ದಿನದಷ್ಟು ಹಿಂದಕ್ಕೆ ಸರಿಯುತ್ತದೆ, ರಜೆ ಹೊಂದಿಸೋದೇ ಒಂದು ತಲೆನೋವು.

ಆ ರಾತ್ರಿ ಕುಣಿಯ ಕೆಂಡದ ಸುತ್ತ ಹೆಜ್ಜೆಮೇಳದವರು ಹಾಡುತ್ತಾರೆ. ಲೋಬಾನದ ಹೊಗೆಗೆ ಕಣ್ಣು ಉರಿಯುತ್ತದೆ. ಹಾಡಿನಲ್ಲಿ ಇರಾಕಿನ ಕರ್ಬಲಾ ಬರುತ್ತದೆ. 680ರಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನು, ಅವರ ಸಂಗಡಿಗರನ್ನು ಕೊಂದ ಜಾಗ. ಕೊಲ್ಲುವ ಮೊದಲು ಅವರಿಗೆ ನದಿಯ ನೀರೂ ಸಿಗದ ಹಾಗೆ ಮಾಡಿದ್ದರು. ಮಕ್ಕಳು ನೀರು ಕೇಳುವ ಸಾಲು ಬಂತು ಅಂದರೆ ಸಾಕು, ನಮ್ಮ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೆ. ಇರಾಕ್ ಎಲ್ಲಿದೆ ಅಂತ ಅವರಿಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಬೇಸಿಗೆಯಲ್ಲಿ ಎರಡು ಕೊಡ ನೀರಿಗೆ ಹೊಲ ದಾಟಿ ಹೋದವರು ಅವರು. ಬಾಯಾರಿಕೆ ಅಂದರೆ ಏನು ಅಂತ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ವೇದಿಕೆ ಮೇಲೆ 'ದೇವರೆಲ್ಲ ಒಂದೇ' ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಜಾಸ್ತಿ ನಂಬಿಕೆ ಬರಲ್ಲ. ನಮ್ಮೂರಲ್ಲಿ ಆ ಮಾತು ಯಾರೂ ಆಡಿದ್ದು ಕೇಳಿಲ್ಲ. ಕಟ್ಟಿಗೆ ತರುವವರು ತರುತ್ತಾರೆ, ದೇವರ ಮುಂದೆ ಸಕ್ಕರೆ ಇಟ್ಟು ಫಾತೆಹಾ ಓದಿಸುವವರು ಓದಿಸುತ್ತಾರೆ. ಅವ್ವ ಬೆಲ್ಲದ ಪಾನಕ ಮಾಡುತ್ತಾಳೆ, ರಾಮನವಮಿಗೆ ಮಾಡುವ ಅದೇ ಕೊಳಗದಲ್ಲಿ. ಏಲಕ್ಕಿ, ಒಣಶುಂಠಿ, ಅಷ್ಟೇ.

ಹತ್ತನೇ ದಿನ ದೇವರು ಹೊಳೆಗೆ ಹೋಗುತ್ತದೆ. ಹೋಗುವಾಗ ಹಲಗೆಯ ಸದ್ದಿಗೆ ಕಿವಿ ಕಿವುಡಾಗುತ್ತದೆ. ಬರುವಾಗ ಸತ್ತವರ ಮನೆಯಿಂದ ಬಂದ ಹಾಗೆ ಎಲ್ಲರೂ ಮೆತ್ತಗೆ ನಡೆಯುತ್ತಾರೆ. ವರ್ಷವಿಡೀ ತಲೆಯಲ್ಲಿ ಗಿರಕಿ ಹೊಡೆಯುವ ಆಫೀಸು, ಸಾಲ, ಜಗಳ, ಒಂದೂ ಆಗ ನೆನಪಾಗಲ್ಲ. ಹೋದ ಸಲ ಮಸೂತಿ ಕಟ್ಟೆಯ ಮೇಲೆ ಕೂತಿದ್ದೆ. ಲಾಡಿ ಹಾಕಿದ್ದ ಪುಟ್ಟ ಹುಡುಗಿಯೊಬ್ಬಳು ಲೋಟ ತಂದು ಮುಂದೆ ಹಿಡಿದಳು. "ಕುಡೀರಿ ಕಾಕಾ, ಇನ್ನೂ ಉಳದೈತಿ."