ಮೊಣಕಾಲಿನ ಮೇಲೆ 38 ಲೀಟರ್ ಪೆಟ್ರೋಲ್

ಹಳೇ ಕಾರುಗಳ ಮಾತು ಬಂದಾಗೆಲ್ಲ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ, ಟ್ಯಾಂಕ್ ಎಲ್ಲಿದೆ ಅಂತ. ಫೋರ್ಡ್ ಮಾಡೆಲ್ ಟಿ ಆದರೆ ಸೀಟಿನ ಕೆಳಗೆ. ಅದರ ನಂತರ ಬಂದ ಮಾಡೆಲ್ ಎ ಆದರೆ ಡ್ಯಾಶ್‌ಬೋರ್ಡಿನ ಹಿಂದೆ, ಸರಿಯಾಗಿ ನಿಮ್ಮ ಮೊಣಕಾಲಿನ ಮೇಲೆ. ಇದನ್ನು ಹೇಳಿದ ಕೂಡಲೇ ಒಂದು ಸಲಹೆ ಬಂದೇ ಬರುತ್ತದೆ: ಅದನ್ನು ಕಿತ್ತು ಡಿಕ್ಕಿಗೆ ಹಾಕಿಸಿ, ಒಂದು ಎಲೆಕ್ಟ್ರಿಕ್ ಪಂಪ್ ಕೂರಿಸಿಬಿಡಿ. ದಯವಿಟ್ಟು ಬೇಡ. ಯಾಕೆ ಅಂತ ಹೇಳುತ್ತೇನೆ.

ಆಗಿನ ಇಂಜಿನಿಯರ್‌ಗಳೇನು ದಡ್ಡರಲ್ಲ. ನಂಬಬಹುದಾದ ಅಗ್ಗದ ಫ್ಯುಯೆಲ್ ಪಂಪ್ ಅನ್ನುವುದೇ ಆಗ ಇರಲಿಲ್ಲ. ಪೆಟ್ರೋಲ್ ತಾನಾಗೇ ಇಳಿದು, ಅದಕ್ಕೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರ್‌ಗೆ ಬರಬೇಕು ಅಂದರೆ ಟ್ಯಾಂಕ್ ಅದಕ್ಕಿಂತ ಮೇಲಿರಬೇಕು, ಅಷ್ಟೇ ಲೆಕ್ಕ. 1908ರಿಂದ 1927ರವರೆಗೆ ಬಂದ ಹೆಚ್ಚಿನ ಮಾಡೆಲ್ ಟಿಗಳಲ್ಲಿ ಸೀಟಿನ ಕೆಳಗಿನ ಜಾಗ ಅದಕ್ಕೆ ಸಾಕಾಗುತ್ತಿತ್ತು, ರಸ್ತೆ ಸಪಾಟಾಗಿದ್ದರೆ. ಕಡಿದಾದ ಏರು ಬಂದು ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇದ್ದರೆ ಇಂಜಿನ್ನೇ ಟ್ಯಾಂಕಿಗಿಂತ ಮೇಲಾಗಿಬಿಡುತ್ತಿತ್ತು, ಪೆಟ್ರೋಲ್ ಬರುತ್ತಿರಲಿಲ್ಲ, ಆಗ ಜನ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದರು. ಇದು ಕಟ್ಟುಕತೆಯಲ್ಲ. ರಿವರ್ಸ್ ಗೇರಿಗೆ ಎಳೆಯುವ ಶಕ್ತಿಯೂ ಜಾಸ್ತಿ ಇದ್ದದ್ದರಿಂದ ಅದು ಎರಡು ರೀತಿಯಲ್ಲಿ ಲಾಭವೇ.

ಪೆಟ್ರೋಲ್ ಹಾಕಿಸುವುದು ಇನ್ನೊಂದು ಫಜೀತಿ. ಮುಂದೆ ಕೂತವರು ಇಳಿಯಬೇಕು, ಸೀಟಿನ ಮೆತ್ತೆ ಎತ್ತಬೇಕು, ಮುಚ್ಚಳ ತೆಗೆದು ಒಂದು ಮರದ ಕಡ್ಡಿ ಅದ್ದಿ ಎಷ್ಟಿದೆ ಅಂತ ನೋಡಬೇಕು. ನನಗೆ ಟ್ಯಾಂಕಿನ ಜಾಗಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಬೇರೆ: 1915ರ ಮಾಡೆಲ್ ಬರುವ ತನಕ ಈ ಕಾರಿನ ಹೆಡ್‌ಲೈಟ್ ಅಸಿಟಿಲಿನ್ ಗ್ಯಾಸಿನದು, ಪಕ್ಕದ ದೀಪಗಳು ಸೀಮೆಎಣ್ಣೆಯವು. ರಾತ್ರಿ ಹೊತ್ತು ಬೆಂಕಿ ಉರಿಯುವ ದೀಪ ಅಲ್ಲೇ ಇರುವಾಗ ಡಬ್ಬದಿಂದ ಪೆಟ್ರೋಲ್ ಸುರಿಯುವುದನ್ನು ಯೋಚಿಸಿ ನೋಡಿ.

ದುಬಾರಿ ಕಾರುಗಳಲ್ಲಿ ಟ್ಯಾಂಕ್ ಹಿಂದೆಯೇ ಇರುತ್ತಿತ್ತು. ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್‌ನಲ್ಲಿ ಟ್ಯಾಂಕಿನೊಳಗೆ ಗಾಳಿ ತುಂಬಿ ಆ ಒತ್ತಡದಿಂದ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತಿದ್ದರು. ಸ್ಟಾರ್ಟ್ ಮಾಡುವ ಮುಂಚೆ ಕೈಪಂಪ್ ಒತ್ತಬೇಕು. ಕೇಳಲು ಚೆನ್ನಾಗಿದೆ, ಆದರೆ ಪೈಪಿನಲ್ಲಿ ಎಲ್ಲಾದರೂ ಸಣ್ಣ ಬಿರುಕು ಬಿಟ್ಟರೆ ಅದು ಸೋರುವುದಿಲ್ಲ, ಚಿಮ್ಮುತ್ತದೆ. ಆಮೇಲೆ ವ್ಯಾಕ್ಯೂಮ್ ಟ್ಯಾಂಕ್ ಬಂತು. ಇಂಜಿನ್ನಿನ ಎಳೆತದಿಂದಲೇ ಹಿಂದಿನ ಪೆಟ್ರೋಲನ್ನು ಬಾನೆಟ್ ಒಳಗಿನ ಒಂದು ಚಿಕ್ಕ ಡಬ್ಬಕ್ಕೆ ತಂದು, ಅಲ್ಲಿಂದ ಕೆಳಗಿಳಿಸುವುದು. ಉದ್ದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಕೊಟ್ಟರೆ ಎಳೆತ ಬಿದ್ದುಹೋಗಿ ಆ ಡಬ್ಬವೂ ಖಾಲಿ! ಒಟ್ಟಿನಲ್ಲಿ ಗುಡ್ಡ ಯಾರನ್ನೂ ಬಿಡಲಿಲ್ಲ.

ಇನ್ನು ಮಾಡೆಲ್ ಎ. 1927ರ ಕೊನೆಯಿಂದ 1931ರವರೆಗೆ ತಯಾರಾದದ್ದು. ಇದರಲ್ಲಿ ಮುಂದಿನ ಗಾಜಿನ ಎದುರಿಗೆ ಕಾಣುವ ತಗಡೇ ಟ್ಯಾಂಕಿನ ಮೇಲ್ಭಾಗ. 10 ಗ್ಯಾಲನ್, ಅಂದರೆ ಸುಮಾರು 38 ಲೀಟರ್ ಹಿಡಿಯುತ್ತದೆ. ಇದೇ ಕಾರಿನ ಮುಂದಿನ ಗಾಜು ಒಡೆದರೂ ಚೂರು ಹಾರದ ಲ್ಯಾಮಿನೇಟೆಡ್ ಗಾಜು, ಆ ಕಾಲಕ್ಕೆ ದೊಡ್ಡ ಸಂಗತಿ. ಸುರಕ್ಷತೆಯ ಯೋಚನೆಯೇ ಇರಲಿಲ್ಲ ಅನ್ನುವ ಹಾಗಿಲ್ಲ ಅಲ್ವಾ? ಟ್ಯಾಂಕಿನ ವಿಷಯದಲ್ಲಿ ಮಾತ್ರ ಸುಲಭದ ದಾರಿ ಹಿಡಿದರು.

ಹಿಂದೆ ಇದ್ದರೆ ಸೇಫ್ ಅನ್ನುವವರು ಫೋರ್ಡ್ ಪಿಂಟೊ ನೆನಪಿಸಿಕೊಳ್ಳಲಿ. 1970ರ ದಶಕದ ಕಾರು, ಟ್ಯಾಂಕ್ ಹಿಂದಿನ ಆಕ್ಸಲ್‌ಗೂ ಬಂಪರ್‌ಗೂ ನಡುವೆ. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ಆಕ್ಸಲ್ಲಿನ ಬೋಲ್ಟ್‌ಗಳಿಗೆ ತಾಗಿ ತೂತಾಗುತ್ತಿತ್ತು, ಪೆಟ್ರೋಲ್ ಹಾಕುವ ಕೊಳವೆ ಕಿತ್ತು ಬರುತ್ತಿತ್ತು. ಜನ ಸುಟ್ಟು ಸತ್ತರು, ಕೋರ್ಟ್ ಕೇಸಾಯಿತು, 1978ರಲ್ಲಿ ಕಾರುಗಳನ್ನು ವಾಪಸ್ ಕರೆದು ಸರಿಮಾಡಿಕೊಡಬೇಕಾಯಿತು. ಬೀಟಲ್‌ನಲ್ಲಿ ಟ್ಯಾಂಕ್ ಮುಂದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಡ್ರೈವರ್ ಸೀಟಿನ ಕೆಳಗೆ, ಮಲೆನಾಡಿನಲ್ಲಿ ಅದೇ ವಂಶದ ಹಳೇ ಪೆಟ್ರೋಲ್ ಜೀಪುಗಳಲ್ಲಿ ಓಡಾಡಿದವರಿಗೆ ಇದೇನೂ ಹೊಸದಲ್ಲ.

ಈಗ ಆ ಡಿಕ್ಕಿಯ ಸಲಹೆಗೆ ಬರೋಣ. ಅರ್ಧ ಮೀಟರ್ ಎತ್ತರದಿಂದ ಇಳಿಯುವ ಪೆಟ್ರೋಲಿನ ಒತ್ತಡ ಸುಮಾರು ಅರ್ಧ ಪಿಎಸ್‌ಐ (ಚದರ ಇಂಚಿಗೆ ಅರ್ಧ ಪೌಂಡ್). ಮಾಡೆಲ್ ಎ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ (ತೇಲುಬುರುಡೆ) ಮತ್ತು ನೀಡಲ್ (ಸೂಜಿ ಮುಚ್ಚಳ) ಮಾಡಿದ್ದೇ ಇಂಥ ಕಮ್ಮಿ ಒತ್ತಡಕ್ಕೆ. ಅಂಗಡಿಯಲ್ಲಿ ಸಿಗುವ ಎಲೆಕ್ಟ್ರಿಕ್ ಪಂಪ್‌ಗಳು ಎಷ್ಟೋ ಸಲ 4 ಪಿಎಸ್‌ಐಗಿಂತ ಜಾಸ್ತಿ ಕೊಡುತ್ತವೆ. ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಹಾಕಿದರೆ ನೀಡಲ್ ತಡೆಯುವುದಿಲ್ಲ, ಕಾರ್ಬುರೇಟರ್ ಓವರ್‌ಫ್ಲೋ ಆಗಿ ಬಿಸಿ ಇಂಜಿನ್ ಪಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ. ಅಪಘಾತವಾದಾಗ ಪಂಪನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಇಲ್ಲದಿದ್ದರೆ, ಪೈಪ್ ಕಿತ್ತುಹೋದ ಮೇಲೂ ಪಂಪ್ ತನ್ನ ಪಾಡಿಗೆ ಓಡುತ್ತಲೇ ಇರುತ್ತದೆ. ಜೊತೆಗೆ ಕಾರಿನುದ್ದಕ್ಕೂ ಹೊಸ ಪೈಪು, ಹೊಸ ಜಾಯಿಂಟು. ಸೋರಲು ಅಷ್ಟು ಹೊಸ ಜಾಗ ಮಾಡಿಕೊಟ್ಟ ಹಾಗೆ.

ಶೆಡ್ಡಿನಲ್ಲಿ ನಿಂತ ಹಳೇ ಕಾರಿಗೆ ಬೆಂಕಿ ಬೀಳುವುದು ಹೆಚ್ಚಾಗಿ ಇಂಥ ಸಣ್ಣ ಸೋರಿಕೆಯಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಒಣಗಿ ಬಿರುಕುಬಿಟ್ಟ ಹೋಸ್, ಸಡಿಲ ಕ್ಲಿಪ್, ಕಸ ಸಿಕ್ಕಿ ಮುಚ್ಚದ ನೀಡಲ್. ಟ್ಯಾಂಕ್ ಮೇಲಿದ್ದರೆ ಇಂಜಿನ್ ನಿಂತ ಮೇಲೂ ಪೆಟ್ರೋಲ್ ಇಳಿಯುತ್ತಲೇ ಇರುತ್ತದೆ, ರಾತ್ರಿ ಇಡೀ. ಅದರ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡಿ ನಿಲ್ಲುತ್ತದೆ. ಅದಕ್ಕೇ ಮಾಡೆಲ್ ಎನಲ್ಲಿ ಟ್ಯಾಂಕಿನ ಕೆಳಗೆ ಪೆಟ್ರೋಲ್ ನಿಲ್ಲಿಸುವ ಒಂದು ಕಾಕ್ ಕೊಟ್ಟಿದ್ದಾರೆ. ಗಾಡಿ ನಿಲ್ಲಿಸಿದಾಗ ಅದನ್ನು ಮುಚ್ಚಿ, ಹಾಲಿನ ಪಾತ್ರೆ ಇಳಿಸಿದ ಮೇಲೆ ಗ್ಯಾಸ್ ಆಫ್ ಮಾಡುವ ಹಾಗೆ, ಯೋಚಿಸದೇ ಕೈ ಹೋಗಬೇಕು.

ಇನ್ನೊಂದು ತಲೆನೋವು ಈಗಿನದು. ನಮ್ಮ ಬಂಕುಗಳಲ್ಲಿ ಈಗ ಬರುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಮಾಡೆಲ್ ಎನಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ತೋರಿಸುವ ಗೇಜಿನ ಫ್ಲೋಟ್ ಕಾರ್ಕಿನದು, ಅದಕ್ಕೆ ಬಳಿದ ಅರಗಿನ ವಾರ್ನಿಷ್ ಆಲ್ಕೋಹಾಲಿನಲ್ಲಿ ಕರಗುತ್ತದೆ. ತುಕ್ಕು ಹಿಡಿಯದಿರಲಿ ಅಂತ ಟ್ಯಾಂಕಿನೊಳಗೆ ಹಿಂದೆ ಬಳಿದ ಕೋಟಿಂಗ್‌ಗಳೂ ಕೆಲವು ಸಲ ಸಿಪ್ಪೆ ಎದ್ದು ಬಂದು ಪೈಪಿಗೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಟ್ಯಾಂಕ್ ಎತ್ತಿಡಲು ಖರ್ಚು ಮಾಡುವ ದುಡ್ಡಿನಲ್ಲಿ ಮೊದಲು ಎಥನಾಲ್ ತಡೆಯುವ ಹೋಸ್‌ಗಳನ್ನು ಹಾಕಿಸಿ, ಕಾರಿನಲ್ಲಿ ಪೆಟ್ರೋಲ್ ಬೆಂಕಿಗೆ ಆಗುವ ಡ್ರೈ ಪೌಡರ್ ಸಿಲಿಂಡರ್ ಒಂದು ಇಡಿ. ಟ್ಯಾಂಕ್ ತೂತಾಗಿದ್ದರೆ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಖಾಲಿ ಟ್ಯಾಂಕು ತುಂಬಿದ್ದಕ್ಕಿಂತ ಅಪಾಯ, ಒಳಗೆ ಉಳಿದ ಆವಿಗೆ ಒಂದು ಕಿಡಿ ಸಾಕು.

ಮತ್ತೆ, ಕುತ್ತಿಗೆಯವರೆಗೂ ತುಂಬಿಸಬೇಡಿ. ಬೆಳಗಿನ ತಂಪಿನಲ್ಲಿ ಹಾಕಿಸಿದ 38 ಲೀಟರ್, ಬಿಸಿಲಿಗೆ 15 ಡಿಗ್ರಿ ಏರಿದರೆ ಹತ್ತಿರಹತ್ತಿರ ಅರ್ಧ ಲೀಟರ್ ಹಿಗ್ಗುತ್ತದೆ. ಮಾಡೆಲ್ ಎನಲ್ಲಿ ಅದಕ್ಕಿರುವ ದಾರಿ ಮುಚ್ಚಳದ ಗಾಳಿತೂತು, ಅಲ್ಲಿಂದ ಗಾಜಿನ ಎದುರಿನ ತಗಡಿನ ಮೇಲೆ.