ಆ ಮೂಲೆಯನ್ನು ಎರಡು ಸಲ ಕಳೆದಿದ್ದೆ

ತೋಟ ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುವ ಮುಂಚೆ ಅಪ್ಪ ಅಡಿಕೆ ಗೊನೆ ಎಣಿಸುತ್ತಾರೆ. ಮರಕ್ಕೊಂದು ಅಂಕಿ. ತೀರ್ಥಹಳ್ಳಿ ಹತ್ತಿರದ ನಮ್ಮ ಕೆಳಗಿನ ತೋಟದಲ್ಲಿ 20 ಸಾಲು, ಸಾಲಿಗೆ 30 ಮರ. ಈ ಸಲ ಊರಿಗೆ ಹೋದಾಗ ಆ 600 ಅಂಕಿಗಳನ್ನು ಲ್ಯಾಪ್‌ಟಾಪಿಗೆ ಏರಿಸಿಕೊಟ್ಟೆ.

ಆಮೇಲೆ ಪ್ರಶ್ನೆ ಶುರು. "5ನೇ ಸಾಲಿಂದ 12ರ ತನಕ, 8ನೇ ಮರದಿಂದ 20ರ ತನಕ ಎಷ್ಟು?" ಅದು ಮುಗಿಯುವಷ್ಟರಲ್ಲಿ ಇನ್ನೊಂದು ತುಂಡು. ಮೊದಲ ಪ್ರಶ್ನೆಗೇ 104 ಅಂಕಿ ಕೂಡಬೇಕು.

ನನಗೆ ತಕ್ಷಣ ನೆನಪಾಗಿದ್ದು ಪ್ರೋಗ್ರಾಮಿಂಗ್ ಅಭ್ಯಾಸದ ತಾಣ ಸಿಎಸ್‌ಇಎಸ್‌ನ 'ಫಾರೆಸ್ಟ್ ಕ್ವೆರೀಸ್' ಲೆಕ್ಕ. ಅಲ್ಲಿ ಕಾಡು 1000 × 1000 ಚೌಕದವರೆಗೆ ಇರಬಹುದು, ಪ್ರಶ್ನೆಗಳು 2 ಲಕ್ಷದವರೆಗೆ. ಪ್ರತಿ ಸಲ ಒಂದೊಂದೇ ಚೌಕ ಎಣಿಸುತ್ತಾ ಕೂತರೆ ಸಮಯ ಸಾಲುವುದೇ ಇಲ್ಲ. ಅದಕ್ಕೆ ಇರುವ ಉಪಾಯ ಪ್ರಿಫಿಕ್ಸ್ ಸಮ್. ಅಪ್ಪನಿಗೂ ಅದನ್ನೇ ತೋರಿಸೋಣ ಅಂತ ಒಂಬತ್ತು ಮರದ ಚಿತ್ರ ಬರೆದೆ:

2 3 1
4 2 3
3 1 4

ಪ್ರತಿ ಮರದ ಜಾಗದಲ್ಲಿ, ಮೇಲಿನ ಎಡ ಮೂಲೆಯಿಂದ ಆ ಮರದವರೆಗಿನ ಒಟ್ಟು ಮೊತ್ತ ಬರೆಯಬೇಕು:

2 5 6
6 11 15
9 15 23

ಈಗ ಕೆಳಗಿನ ಬಲಗಡೆಯ ನಾಲ್ಕು ಮರ ಬೇಕು ಅನ್ನಿ. ಒಟ್ಟು 23. ಮೇಲಿನ ಸಾಲಿನ 6 ಕಳೆದೆ, ಎಡಗಡೆ ಸಾಲಿನ 9 ಕಳೆದೆ. 8 ಅಂದೆ. ಅಪ್ಪ ಬೆರಳಿಟ್ಟು ಎಣಿಸಿದರು. 10 ಬಂತು. ಒಂದು ಗಳಿಗೆ ಚಿತ್ರ ನೋಡಿ ಅಂದರು: "ಈ ಮೂಲೆ ಮರಾನ ಎರಡು ಸಲ ಕಳೆದ್ಯಲ್ಲೇ ಮಾರಾಯ್ತಿ."

ಹೌದು. ಆ ಮರ ಮೇಲಿನ ಸಾಲಿನಲ್ಲೂ ಇದೆ, ಎಡಗಡೆ ಸಾಲಿನಲ್ಲೂ ಇದೆ. ಅದರ 2 ವಾಪಸ್ ಕೂಡಿದರೆ 10. ಕಾಲೇಜಿನಲ್ಲಿ ಈ ಸೂತ್ರವನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಕೊನೆಯ ಆ ಕೂಡುವ ಗುರುತು ಯಾಕೆ ಅಂತ ಮನಸ್ಸಿಗೆ ಇಳಿದಿದ್ದು ನಮ್ಮ ಜಗಲಿಯಲ್ಲಿ. ತುಂಡು ಎಷ್ಟೇ ದೊಡ್ಡದಿರಲಿ, ನಾಲ್ಕೇ ಅಂಕಿ ನೋಡಿದರೆ ಸಾಕು. ನನಗೆ ಇದಕ್ಕಿಂತ ಚಂದದ ಲೆಕ್ಕ ಗೊತ್ತಿಲ್ಲ.

ಕೋಡ್ ಬರೆಯುವವರಿಗೆ ಒಂದು ಮಾತು. ಮೇಲೊಂದು, ಎಡಕ್ಕೊಂದು ಸೊನ್ನೆಯ ಸಾಲು ಇಟ್ಟುಕೊಳ್ಳಿ. ಇಲ್ಲದಿದ್ದರೆ ಮೊದಲ ಸಾಲಿಗೆ, ಮೊದಲ ಮರಕ್ಕೆ ಅಂತ ಬೇರೆ ಬೇರೆ ಇಫ್ ಬರೆಯಬೇಕಾಗುತ್ತದೆ, ತಪ್ಪು ನುಸುಳುವುದೂ ಅಲ್ಲೇ.

ಇದೇ ಕೋಷ್ಟಕವನ್ನು 1984ರಲ್ಲಿ ಫ್ರಾಂಕ್ಲಿನ್ ಕ್ರೋ ಕಂಪ್ಯೂಟರ್ ಗ್ರಾಫಿಕ್ಸ್‌ಗೆ ತಂದರು. 2001ರಲ್ಲಿ ವಯೋಲಾ ಮತ್ತು ಜೋನ್ಸ್ ಫೋಟೋದಲ್ಲಿ ಮುಖ ಹುಡುಕಲು ಬಳಸಿದರು. ಅಲ್ಲಿ ಗೊನೆ ಬದಲು ಬೆಳಕಿನ ಅಂಕಿ, ಅಷ್ಟೇ.

ಮರುದಿನ ಗಾಳಿಗೆ 2ನೇ ಸಾಲಿನ 3ನೇ ಮರ ಬಿತ್ತು. ಅಪ್ಪನ ಪುಸ್ತಕದಲ್ಲಿ ಒಂದೇ ಅಂಕಿ ಹೊಡೆದುಹಾಕಿದರೆ ಆಯ್ತು. ನನ್ನ ಕೋಷ್ಟಕದಲ್ಲಿ ಆ ಮರದಿಂದ ಕೆಳಕ್ಕೆ, ಬಲಕ್ಕೆ ಇರುವ 532 ಅಂಕಿಗಳೂ ಬದಲಾಗಬೇಕು. 600 ಮರಕ್ಕೆ ಇದು ತೊಂದರೆಯಲ್ಲ, ಇಡೀ ಕೋಷ್ಟಕ ಮತ್ತೆ ಕಟ್ಟಿದೆ. ಅಂಕಿಗಳು ದಿನಾ ಬದಲಾಗುವ ಕಡೆ ಪೀಟರ್ ಫೆನ್ವಿಕ್ 1994ರಲ್ಲಿ ಬರೆದ ಫೆನ್ವಿಕ್ ಟ್ರೀ ಬೇಕು, ಅಂದರೆ ಮೊತ್ತಗಳನ್ನು ತುಂಡು ತುಂಡಾಗಿ ಇಟ್ಟುಕೊಳ್ಳುವ ಕೋಷ್ಟಕ. ಅದನ್ನು ಸಾಲಿಗೂ ಮರಕ್ಕೂ ಎರಡೂ ಕಡೆ ಹಾಕಿದರೆ, ನಮ್ಮ ತೋಟದಲ್ಲಿ ಒಂದು ಮರ ಬಿದ್ದಾಗ ಹೆಚ್ಚೆಂದರೆ 25 ಅಂಕಿ ತಿದ್ದಿದರೆ ಸಾಕು. ಮುಂದಿನ ಸಲ ಊರಿಗೆ ಹೋದಾಗ ಅಪ್ಪನ ಮುಂದೆ ಅದರ ಚಿತ್ರ ಬರೆಯಬೇಕು.